ವರ್ಲನ್‌ನ ಸಂಬಳ

ಜನವರಿಯಲ್ಲಿ ಪಕ್ಕದ ಊರಿನ ಶ್ರೀಮಂತ ಕಾಲೇಜೊಂದು ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ವರ್ಲನ್‌ಗೆ ಎರಡರಷ್ಟು ಸಂಬಳದ ಆಸೆ ತೋರಿಸಿತು. ಅವನನ್ನು ಉಳಿಸಿಕೊಳ್ಳಲು ಮುಖ್ಯ ಕೋಚ್ ರಾಯ್ಸ್ ತನಗೆ ಬರಬೇಕಿದ್ದ ಇನ್‌ಕ್ರಿಮೆಂಟನ್ನು ಅವನಿಗೇ ಗೊತ್ತಾಗದಂತೆ ಅವನ ಹೆಸರಿಗೆ ಮಾಡಿಸಿದ.

“ಸಹಾಯಕನಿಗೆ ಇಷ್ಟೊಂದಾ? ನಿಂಗೇನು ತಲೆ ಕೆಟ್ಟಿದ್ಯಾ?” ಎಂದು ಕ್ರೀಡಾ ನಿರ್ದೇಶಕ ಲೈಲ್ ನಕ್ಕಿದ್ದ.

ನವೆಂಬರಿನ ಒಂದು ಶನಿವಾರ ಅಲಬಾಮಾದ ಮೈದಾನದಲ್ಲಿ ಎದುರಾಳಿ ಅದೇ ಶ್ರೀಮಂತ ಕಾಲೇಜು. ರಾಯ್ಸ್‌ನ ಹುಡುಗರು ನಾಲ್ಕು ಪಾಯಿಂಟ್ ಮುಂದಿದ್ದರು. ಎದುರಾಳಿಗಳಿಗೆ ಉಳಿದದ್ದು ಒಂದೇ ಯತ್ನ. ಅವರು ಚೆಂಡಿನೊಂದಿಗೆ ಇನ್ನೊಂದು ಗಜ ನುಗ್ಗಿ ಗೆರೆ ದಾಟಿದರೆ ಆರು ಪಾಯಿಂಟ್, ಕಥೆ ಮುಗಿದಂತೆ. ಅವರು ಅಗಲಕ್ಕೆ ಹರಡಿ ನಿಂತರು. ಚೆಂಡು ಎಸೆಯುತ್ತಾರೆಂದುಕೊಂಡು ರಾಯ್ಸ್ ತನ್ನವರನ್ನೂ ಹರಡಿಸಲು ಕೈಯೆತ್ತಿದ.

ಅಷ್ಟರಲ್ಲಿ ಗ್ಯಾಲರಿಯ ಮೇಲಿನ ಗಾಜಿನ ಕೋಣೆಯಲ್ಲಿ ದುರ್ಬೀನು ಹಿಡಿದಿದ್ದ ವರ್ಲನ್ ಹೆಡ್‌ಸೆಟ್‌ನಲ್ಲಿ ಕಿರುಚಿದ. “ಬೇಡ ಕೋಚ್! ಅವರ ಮುಂದಿನ ಸಾಲಿನ ಎಡಗಡೆ ಧಡಿಯನ ಬೆರಳು ನೆಲಕ್ಕೊತ್ತಿ ಬೆಳ್ಳಗಾಗಿದೆ. ಮೈಭಾರ ಎಲ್ಲಾ ಮುಂದಕ್ಕೆ ಹಾಕಿದಾನೆ. ಎಸೆಯಲ್ಲ, ಅವನ ಹಿಂದೇನೇ ಚೆಂಡು ಹೊತ್ಕೊಂಡು ನುಗ್ತಾರೆ!”

“ಎಲ್ರೂ ಆ ಧಡಿಯನ ಮೇಲೆ ಬೀಳ್ರೋ!” ರಾಯ್ಸ್ ಗಂಟಲು ಹರಿಯುವಂತೆ ಕೂಗಿದ.

ಚೆಂಡು ಹೊತ್ತವನು ಗೆರೆಗೆ ಒಂದು ಗೇಣು ಹಿಂದೆಯೇ ಮಣ್ಣುಮುಕ್ಕಿದ. ಕ್ರೀಡಾಂಗಣ ಹುಚ್ಚೆದ್ದು ಕುಣಿಯಿತು.

ಲೈಲ್ ಏದುಸಿರು ಬಿಡುತ್ತ ಓಡಿಬಂದ. “ಗೆಲ್ಲಿಸಿಬಿಟ್ಯಲ್ಲೋ ರಾಯ್ಸ್!”

“ಗೆಲ್ಸಿದೋನು ಮೇಲಿದಾನೆ ಸಾರ್, ಅವನ ಹತ್ರಾನೇ ಮಾತಾಡಿ,” ಎಂದು ರಾಯ್ಸ್ ಹೆಡ್‌ಸೆಟ್ ತೆಗೆದು ಲೈಲ್‌ನ ತಲೆಗೇ ಸಿಕ್ಕಿಸಿದ.

“ವರ್ಲನ್, ಮುಂದಿನ ವರ್ಷಕ್ಕೆ ಎಷ್ಟು ಬೇಕು ಹೇಳಪ್ಪಾ!”

ಪಕ್ಕದಲ್ಲಿದ್ದ ರಾಯ್ಸ್‌ಗೂ ಕೇಳುವಷ್ಟು ಜೋರಾಗಿ ಉತ್ತರ ಬಂತು. “ಮೊದಲು ನಮ್ಮ ಕೋಚ್ ನಂಗೆ ಗೊತ್ತಾಗಲ್ಲ ಅಂದ್ಕೊಂಡು ಬಿಟ್ಟುಕೊಟ್ಟ ದುಡ್ಡು ಅವರಿಗೆ ವಾಪಸ್ ಕೊಡಿ ಸಾರ್. ನನ್ನ ರೇಟು ಆಮೇಲೆ ಹೇಳ್ತೀನಿ.”