ಅರ್ಥಿಂಗ್ ಯಂಕಣ್ಣ

ಯಂಕಣ್ಣ ಈ ಲೋಕದ ಯಾವ ವಸ್ತುವನ್ನೂ ಮೊದಲಿಗೆ ಅಂಗೈಯಿಂದ ಮುಟ್ಟಿದವರಲ್ಲ. ಮನೆಯ ಗೇಟಾಗಲಿ, ಬಸ್ಸಿನ ಕಂಬಿಯಾಗಲಿ, ಮದುವೆಯೂಟದ ಸ್ಟೀಲ್ ಲೋಟವಾಗಲಿ, ಬಲಗೈಯ ಬೆನ್ನನ್ನು ಅದಕ್ಕೊಮ್ಮೆ ಸೋಕಿಸಿ, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ ಕೈ ತಿರುವಿ ಹಿಡಿಯುತ್ತಾರೆ. ಮೂವತ್ತನಾಲ್ಕು ವರ್ಷ ತೆಲಂಗಾಣದ ಗಡಿಯೂರು ಮಕ್ತಲದ ಸುತ್ತಿನ ಕಂಬಗಳನ್ನು ಹತ್ತಿ ಇಳಿದ ಲೈನ್‌ಮನ್ನಿನ ಅಭ್ಯಾಸವಿದು: ಕರೆಂಟು ಹರಿಯುವುದನ್ನು ಅಂಗೈಯಿಂದ ಮುಟ್ಟಿದರೆ ಬೆರಳುಗಳು ತಾವಾಗಿ ಮಡಚಿ ಅದನ್ನೇ ಬಿಗಿಯಾಗಿ ಹಿಡಿದುಬಿಡುತ್ತವೆ, ಬೆನ್ನಿನಿಂದ ಮುಟ್ಟಿದರೆ ಕೈ ದೂರ ಚಿಮ್ಮುತ್ತದೆ. ಯಂಕಣ್ಣ ನಿವೃತ್ತರಾಗಿ ಆರು ವರ್ಷವಾಯಿತು, ಕೈ ಇನ್ನೂ ನಿವೃತ್ತವಾಗಿಲ್ಲ. ಆಸ್ಪತ್ರೆಯಲ್ಲಿ ಚೊಚ್ಚಲ ಮೊಮ್ಮಗಳ ಕೆನ್ನೆಗೆ ಮೊದಲು ತಾಗಿದ್ದೂ ಕೈಯ ಬೆನ್ನೇ. ನರ್ಸಮ್ಮ ನಕ್ಕಳಂತೆ, ಇವರು ನಗಲಿಲ್ಲವಂತೆ.

ನಡೆಯುವಾಗ ಅವರ ದೃಷ್ಟಿ ಸದಾ ಊರ್ಧ್ವಮುಖ. ತಲೆಯ ಮೇಲಿನ ತಂತಿಗಳನ್ನು ನೋಡುತ್ತಲೇ ಸಾಗುವುದರಿಂದ ಮಕ್ತಲದ ಬಜಾರಿನ ಪ್ರತಿಯೊಂದು ಕಲ್ಲನ್ನೂ ಅವರ ಹೆಬ್ಬೆರಳು ಬಲ್ಲದು. ಇಸ್ತ್ರಿ ಕಾಣದ ಖಾಕಿ ಅಂಗಿಯಲ್ಲಿ, ನಾನು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಒಂದು ಟೆಸ್ಟರು. ಮಾತು ಕಡಿಮೆ, ಅದರಲ್ಲೂ ಮುಕ್ಕಾಲು ಪಾಲು ಒಂದೇ ಶಬ್ದ: "ತೋರ್ಸ್ರಿ." ಮಗನಿಗೆ ಫಸ್ಟ್ ಕ್ಲಾಸ್ ಬಂತೆಂದವರಿಗೂ ತೋರ್ಸ್ರಿ, ಮೊಣಕಾಲು ಬಾತಿದೆಯೆಂದವರಿಗೂ ತೋರ್ಸ್ರಿ, ಕನಸಿನಲ್ಲಿ ಮೈಲಾರಲಿಂಗ ಬಂದಿದ್ದನೆಂದ ಓಣಿಯ ಕುರುಮಮ್ಮನಿಗೂ ಅದನ್ನೇ ಹೇಳಿ ಬೈಸಿಕೊಂಡವರು.

ಉಳಿದ ಕಾಲು ಪಾಲು ಸಿಟ್ಟು. ಆ ಸಿಟ್ಟಿಗೆ ವಿಷಯ ಒಂದೇ, ಅರ್ಥಿಂಗ್. ಮನೆಯ ಪಕ್ಕ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಪೈಪು ಹೂಳಿ, ಅಲ್ಲಿಂದ ಹಸಿರು ವೈರೊಂದನ್ನು ಗೋಡೆಯ ಪ್ಲಗ್ಗಿನ ಮೂರನೇ ತೂತಿಗೆ ಎಳೆಯಬೇಕು. ಯಂತ್ರದಿಂದ ದಾರಿ ತಪ್ಪಿದ ಕರೆಂಟು ಆಗ ಮನುಷ್ಯನ ಮೈಗೆ ಬರದೆ ಮಣ್ಣಿಗೆ ಹೋಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಹಸಿರು ವೈರನ್ನು ಕತ್ತರಿಸಿ ಗೋಡೆಯೊಳಗೆ ತುರುಕಿರುತ್ತಾರೆ. ಮೂರನೇ ತೂತು ಬರಿಯ ಅಲಂಕಾರ. ಯಂಕಣ್ಣ ಕರೆಂಟು ಬಿಲ್ಲು ಕಟ್ಟುವ ಸಾಲಿನಲ್ಲಿ, ಗಿರಣಿಯ ಕಟ್ಟೆಯಲ್ಲಿ, ಸತ್ತವರ ಮನೆಯಲ್ಲಿ ಕೂಡ ಇದನ್ನು ಹೇಳಿ ಹೇಳಿ, ಕಡೆಗೆ ಬೈದು, ಈ ಅಡ್ಡಹೆಸರು ಗಳಿಸಿದರು. ಗದ್ವಾಲದ ಕಾಲೇಜಿನಲ್ಲಿ ಪದ್ಯಗಳಿಗೆ ಅರ್ಥ ಹೇಳಿ ಸಂಬಳ ತಿನ್ನುವ ನನಗೂ ಅವರ ಅರ್ಥಿಂಗ್ ಅರ್ಥವಾಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನಗೆ ಎಲೆಕ್ಟ್ರಿಕ್ ಕಾರಿನ ಗೀಳು ಹಿಡಿಯಿತು. ಆರು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ ಬ್ಯಾಟರಿಯ ರಸಾಯನಶಾಸ್ತ್ರದವರೆಗೂ ಪಂಡಿತನಾಗಿದ್ದೆ. ನನ್ನ ಪಾಂಡಿತ್ಯಕ್ಕೊಬ್ಬ ಸಾಕ್ಷಿ ಬೇಕಿತ್ತು; ಯಂಕಣ್ಣನನ್ನು ಮಹಬೂಬ್‌ನಗರದ ಒಂದು ಶೋರೂಮಿಗೆ ಕರೆದೊಯ್ದೆ. ಥಳಥಳಿಸುವ ಕಾರಿನ ಬಾಗಿಲಿಗೆ ಅವರು ಕೈಯ ಬೆನ್ನು ತಾಗಿಸಿದ್ದನ್ನು ಕಂಡು ಅಲ್ಲಿನ ಮ್ಯಾನೇಜರ್ ಅಂಜನಕುಮಾರ್, ಬಣ್ಣ ಹಸಿಯಿದೆಯೆಂದು ಹೆದರಿದ್ದಾರೆ ಅಂದುಕೊಂಡರು.

"ಒಕ್ಕಸಾರಿ ಚಾರ್ಜ್ ಚೇಸ್ತೇ ನಾಲುಗು ವಂದಲ ಕಿಲೋಮೀಟರ್ಲು ಸಾರ್!" ಎಂದರು. ತೆಲುಗಿನಲ್ಲಿ, ಒಮ್ಮೆ ಚಾರ್ಜ್ ಮಾಡಿದರೆ ನಾನೂರು ಕಿಲೋಮೀಟರು.

"ತೋರ್ಸ್ರಿ," ಎಂದರು ಯಂಕಣ್ಣ. "ನಮ್ಮ ಬ್ಯಾಸಗಿ, ಒಳಗ ಏಸಿ, ಐದು ಮಂದಿ, ಮ್ಯಾಲೆ ಜ್ವಾಳದ ಚೀಲ. ಅದನ್ನ ಲೆಕ್ಕ ಹಿಡಿದು ಹೇಳ್ರಿ."

ಅಂಜನಕುಮಾರ್ ಕನ್ನಡಕ್ಕೂ ಇನ್ನೂರ ಎಂಬತ್ತಕ್ಕೂ ಒಟ್ಟಿಗೆ ಇಳಿದರು.

"ಸಾಕು. ಮಾಸ್ತರು ದಿನಾ ಗದ್ವಾಲಕ್ಕ ಹೋಗಿ ಬರಾಕ ಅಷ್ಟು ಬೇಕಾಗಂಗಿಲ್ಲ," ಎಂದು ಯಂಕಣ್ಣ ನನ್ನತ್ತ ತಿರುಗಿದರು. "ದಾರ್ಯಾಗಿನ ಚಾರ್ಜರ್ ನಂಬಿ ತಗೋಬ್ಯಾಡ್ರಿ. ಅದು ಇದ್ದ ದಿನ ಐತಿ, ಕೆಟ್ಟ ದಿನ ಇಲ್ಲ. ಮನ್ಯಾಗ ಚಾರ್ಜ್ ಆಗ್ತಿದ್ರ ತಗೋರಿ, ಇಲ್ಲಾಂದ್ರ ಪೆಟ್ರೋಲೇ ಇರ್ಲಿ." ಮತ್ತೆ ಅಂಜನಕುಮಾರರತ್ತ: "ಇವರ ಮನ್ಯಾಗ ಅರ್ಥಿಂಗ್ ಐತೇನಂತ ಕೇಳಿದ್ರೇನು?"

"ಅದು ಆಮ್ಯಾಲ ಸಾರ್. ಬುಕಿಂಗ್ ಆದಮ್ಯಾಲ ನಮ್ಮವರು ಬಂದು ನೋಡ್ತಾರ."

"ಆಮ್ಯಾಲ!" ಎಂದರು ಯಂಕಣ್ಣ. ಆ ಒಂದು ಶಬ್ದವನ್ನು ಮಕ್ತಲ ತಲುಪುವವರೆಗೂ ಬಾಯಲ್ಲಿ ಅಗಿಯುತ್ತಲೇ ಇದ್ದರು.

ನೇರ ನಮ್ಮ ಮನೆಗೇ ಬಂದರು. ನಮ್ಮಲ್ಲಿ ಮೂರು ತೂತಿನ ಪ್ಲಗ್ಗೇ ಇದೆಯೆಂದು ನಾನು ಬೀಗಿದೆ. ತೋರ್ಸ್ರಿ. ಎರಡು ವೈರು ಕಟ್ಟಿದ ಬಲ್ಬನ್ನು ಚೀಲದಿಂದ ತೆಗೆದು ಒಂದು ತುದಿಯನ್ನು ಕರೆಂಟಿನ ತೂತಿಗೆ, ಇನ್ನೊಂದನ್ನು ಮೂರನೆಯದಕ್ಕೆ ಇಟ್ಟರು. ಬಲ್ಬು ಹತ್ತಲಿಲ್ಲ; ಆ ತೂತಿಗೆ ಮಣ್ಣಿನ ನಂಟೇ ಇರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಅಡುಗೆಮನೆಯ ಫ್ರಿಜ್ಜಿನ ಮೇಲೆ ಬಿತ್ತು. ಹೋಗಿ ಕೈಯ ಬೆನ್ನು ಸೋಕಿಸಿದರು. ಕೈ ಚಿಮ್ಮಿ ಹಿಂದೆ ಬಂತು. ಕೆಳಗೆ ನೋಡಿದರು. ನೀಲಿ ಪಟ್ಟಿಯ ಒಂದು ಜೊತೆ ರಬ್ಬರ್ ಚಪ್ಪಲಿ.

"ಯಾರವು ಇವು?"

"ಯಾರವೂ ಅಲ್ಲಣ್ಣಾ, ಫ್ರಿಜ್ಜಿನವು," ಎಂದಳು ನನ್ನ ಹೆಂಡತಿ ವಿಜಯಶ್ರೀ, ನಗುತ್ತಾ. "ಮುಟ್ಟಿದ್ರ ಜುಂ ಅಂತೈತಿ. ಅದಕ್ಕ ಮೆಟ್ಕೊಂಡು ತೆಗೀತೀನಿ. ಇವರೇ ತಂದಿಟ್ಟಾರ."

"ಎಷ್ಟು ವರ್ಷಾತು?"

"ಹನ್ನೆರಡು. ಇದು ಮೂರನೇ ಜೋಡು."

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಚಿಂತಿ ಮಾಡಬ್ಯಾಡ್ರಿ ಯಂಕಣ್ಣಾ, ಗಾಡಿ ಬರೂದ್ರಾಗ ಅರ್ಥಿಂಗ್ ಮಾಡಿಸಿಬಿಡೋಣು. ನಾಳಿನೇ ಗುಂಡಿ ತೋಡಸ್ತೀನಿ," ಎಂದೆ.

"ನಾಳಿ!" ಅವರ ದನಿಗೆ ತಟ್ಟೆಗಳು ನಡುಗಿದವು. "ಹೆಂಡ್ತಿಗೆ ಶಾಕ್ ಹೊಡದ್ರ ಹನ್ನೆರಡು ವರ್ಷ ಚಪ್ಪಲಿ, ಗಾಡಿಗಾದ್ರ ನಾಳಿನೇ ಗುಂಡಿ! ನಾಚಿಕಿ ಐತೇನ್ರಿ ಮಾಸ್ತರ? ಅರ್ಥಿಂಗ್ ಇಲ್ಲಾಂದ್ರ ಆ ಗಾಡಿ ಕೆಂಪು ಲೈಟ್ ಹಾಕಿ ಒಲ್ಲೆ ಅಂತೈತಿ. ಈ ತಾಯಿ ಒಲ್ಲೆ ಅನ್ನಲಿಲ್ಲ, ಅದೇ ಆಕಿ ತಪ್ಪಾತು!" ಚಪ್ಪಲಿಗಳನ್ನು ಎತ್ತಿ ಅಂಗಳಕ್ಕೆ ಬೀಸಿದರು. ಒಂದು ನನ್ನ ಭುಜ ಸವರಿ ಹೋಯಿತು. ಅದು ಗುರಿ ತಪ್ಪಿತೋ ಗುರಿ ಹಿಡಿಯಿತೋ ನಾನು ಇಂದಿಗೂ ಕೇಳಿಲ್ಲ.

ಊರಿಗೆಲ್ಲ ಗೊತ್ತಿರುವ, ಅವರು ಮಾತ್ರ ಎಂದೂ ಹೇಳದ ಸಂಗತಿಯೊಂದಿದೆ. ಹದಿನೆಂಟು ವರ್ಷದ ಹಿಂದೆ ಹತ್ತಿರದ ನಾರ್ವ ಎಂಬ ಊರಿನ ಕಡೆ ಭೀಮಮ್ಮನೆಂಬ ಹೆಣ್ಣುಮಗಳು ಕೂಲರಿಗೆ ನೀರು ಹಾಕಲು ಹೋಗಿ ಅದರ ಜಾಲರಿಯನ್ನು ಹಿಡಿದವಳು ಬಿಡಲಿಲ್ಲ. ಲೈನು ಕಡಿಯಲು ಓಡಿಬಂದ ಯಂಕಣ್ಣನೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರಂತೆ. ಕೂಲರಿನ ಮುಂದೆ ದಿನಾ ಇರುತ್ತಿದ್ದ ಚಪ್ಪಲಿ ಅಂದು ಇರಲಿಲ್ಲ. ಸುದ್ದಿ ಕೇಳಿ ಗಂಡ ಹೊಲದಿಂದ ಓಡಿ ಬಂದ. ಅವೇ ಚಪ್ಪಲಿ ಅವನ ಕಾಲಲ್ಲಿದ್ದವು. "ಆಕಿ ಆಯುಷ್ಯ ಅಷ್ಟೇ ಇತ್ತು," ಎಂದು ಯಾರೋ ಅಂದರು. ಯಂಕಣ್ಣ ಗಂಡನ ಕೆನ್ನೆಗೆ ಬಾರಿಸಿ ಮೂರು ತಿಂಗಳು ಸಸ್ಪೆಂಡ್ ಆದರು. ಪರೀಕ್ಷಿಸದೆ ಅಂಗೈ ಬಳಸಿದ್ದು ಜೀವಮಾನದಲ್ಲಿ ಅದೊಂದೇ ಸಲವೆಂದು ಜನ ನಗೆಯಾಡುತ್ತಾರೆ. ನಾನೂ ನಕ್ಕವನೇ.

ಚಪ್ಪಲಿ ಬೀಸಿದ ಮರುದಿನ ನಮ್ಮಲ್ಲಿ ಗುಂಡಿ ತೋಡಿದ್ದು ನಾನು. ಆಳು ಕರೆಯಲು ಯಂಕಣ್ಣ ಬಿಡಲಿಲ್ಲ. ಉಪ್ಪು, ಇದ್ದಿಲು, ಪೈಪು ಇಳಿದವು. ಮೊದಲ ಹಸಿರು ವೈರು ಕಾರಿನ ಜಾಗಕ್ಕೆ ಹೋಗದೆ ಅಡುಗೆಮನೆಗೆ ಹೋಯಿತು. ಫ್ರಿಜ್ಜಿನ ಹಿಂದೆ ಸುಲಿದಿದ್ದ ವೈರನ್ನೂ ಬದಲಿಸಿದರು. ಬಲ್ಬು ಝಗ್ಗನೆ ಹತ್ತಿತು. ಫ್ರಿಜ್ಜನ್ನು ತಾವೊಮ್ಮೆ ಸೋಕಿ ನೋಡಿ, ನನ್ನ ಬರಿಗಾಲು ನೋಡಿ, "ಮುಟ್ರಿ," ಎಂದರು. ನಾನು ಕೈಯ ಬೆನ್ನು ಚಾಚಿದೆ.

"ಅಂಗೈ!"

ನನ್ನ ಅಂಗೈ ಗಾಳಿಯಲ್ಲೇ ಯೋಚನೆ ಮಾಡುತ್ತಿತ್ತು. ವಿಜಯಶ್ರೀ, "ಸರೀರಿ ಅತ್ಲಾಗ," ಎಂದು ನನ್ನನ್ನು ದೂಡಿ, ಬರಿಗಾಲಲ್ಲಿ ನಿಂತು ಬಾಗಿಲು ತೆಗೆದಳು. ಒಂದು ಕ್ಷಣ ಅವಳ ಪಾದ ಮಾತ್ರ ಹಳೆಯ ಜಾಗದಲ್ಲಿ ಚಪ್ಪಲಿಯನ್ನು ತಡಕಾಡಿತು. ತಣ್ಣೀರನ್ನು ಲೋಟಕ್ಕೆ ಸುರಿದು ಯಂಕಣ್ಣನಿಗೆ ಕೊಟ್ಟಳು. ಅವರು ಲೋಟಕ್ಕೆ ಕೈಯ ಬೆನ್ನು ತಾಗಿಸಿ, ಆಮೇಲೆ ಕುಡಿದರು.

ಕಾರು ಈಗ ಅಂಗಳದಲ್ಲಿದೆ, ಹಸಿರು ದೀಪ ಹಾಕಿಕೊಂಡು ಚಾರ್ಜಾಗುತ್ತದೆ. ಕೊಳ್ಳಲೋ ಬೇಡವೋ ಎಂದು ಕೇಳುವವರಿಗೆ ನಾನು, ಮೊದಲು ನಿಮ್ಮ ಮನೆಯ ಫ್ರಿಜ್ಜಿನ ಮುಂದೆ ಏನಿದೆ ತೋರಿಸಿ ಎನ್ನುತ್ತೇನೆ. ಅವರು ನನ್ನನ್ನೂ ತಲೆಕೆಟ್ಟವರ ಪಟ್ಟಿಗೆ ಸೇರಿಸುತ್ತಾರೆ. ಊರಿಗೊಬ್ಬರು ಇಂಥ ಸಿಡುಕರು ಇದ್ದೇ ಇರುತ್ತಾರೆ. ನಾವು ಕಣ್ಣು ತಿರುಗಿಸಿಕೊಂಡಿದ್ದನ್ನು ಅವರು ಹತ್ತಿರದಿಂದ ಕಂಡಿರುತ್ತಾರೆ, ಬೆರಳು ಬೆರಳಾಗಿ ಬಿಡಿಸಿರುತ್ತಾರೆ. ಅವರ ಸಿಟ್ಟಿಗೆ ಸ್ವಭಾವವೆಂದು ಹೆಸರಿಟ್ಟು, ನಮ್ಮ ನಿಶ್ಚಿಂತೆಗೆ ಸಜ್ಜನಿಕೆಯೆಂದು ಹೆಸರಿಟ್ಟು ನಾವು ಬಾಳಿಬಿಡುತ್ತೇವೆ. ಆ ನಿಶ್ಚಿಂತೆಯೆಲ್ಲ ಯಾವಳೋ ಒಬ್ಬಳ ಸವೆದ ರಬ್ಬರ್ ಚಪ್ಪಲಿಯ ಮೇಲೆ ನಿಂತಿರುತ್ತದೆ.