ಅರ್ಧ ಚಾರ್ಜು

ಚಾರ್ಜರಿನ ತಂತಿಯನ್ನು ಬ್ಯಾಟರಿಯಿಂದ ಕಿತ್ತ ಕೂಡಲೇ ಕೆಂಪು ದೀಪ ಹಸಿರಾಯಿತು. ಆ ಚಾರ್ಜರಿನ ಗುಣವೇ ಅಂಥದ್ದು. ಮುಂದೆ ಬ್ಯಾಟರಿಯೇ ಇಲ್ಲದಿದ್ದರೂ ಎಲ್ಲಾ ತುಂಬಿದೆ ಎಂದು ಹಲ್ಲು ಕಿರಿಯುತ್ತದೆ. ಅವಳು ತಂತಿಯ ತುದಿಯನ್ನು ತಾಗಿಯೂ ತಾಗದ ಹಾಗೆ ಮತ್ತೆ ಒಳಗೆ ತೂರಿಸಿದಳು. ಜೀವಮಾನವಿಡೀ ಪರದೆ ಹೊಲಿದ ಬೆರಳುಗಳಿಗೆ ಅದೇನು ಮಹಾ ಕೆಲಸವಲ್ಲ.

"ಅಲ್ಲೇನ್ ಮಾಡ್ತಿದ್ದೀಯೇ?" ಬಾಗಿಲಲ್ಲಿ ಅವಳ ಗಂಡ, ಮೇಷ್ಟ್ರು.

"ಧೂಳು ಒರೆಸ್ತಿದ್ದೆ ಕಣ್ರೀ."

"ಒದ್ದೆ ಬಟ್ಟೆ ತಾಗಿಸ್ಬೇಡ, ಪುಣ್ಯಾತ್ಗಿತ್ತಿ." ಮೇಷ್ಟ್ರು ಬಗ್ಗಿ ದೀಪ ನೋಡಿದರು. "ಆಗಲೇ ಹಸಿರಾ! ಇತ್ತೀಚೆಗೆ ಬೇಗ ತುಂಬುತ್ತೆ, ಬೇಗ ಖಾಲಿ ಆಗುತ್ತೆ. ಇದಕ್ಕೂ ವಯಸ್ಸಾಯ್ತು."

ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು ನಿವೃತ್ತಿಯ ಮೇಲೆ ಗಾಲ್ಫ್ ಹುಚ್ಚು ಹತ್ತಿಸಿಕೊಂಡಿದ್ದರು. ಕೋಲುಗಳ ಚೀಲ ಹೊತ್ತು ತಾನೇ ಉರುಳುವ ಟ್ರಾಲಿ, ಅದರ ಹೊಟ್ಟೆಯಲ್ಲಿ ಕಲ್ಲಿನಷ್ಟು ಭಾರದ ಬ್ಯಾಟರಿ. ಹೆತ್ತ ಮಕ್ಕಳ ಮೂಗು ಒರೆಸದ ಮನುಷ್ಯ ಆ ಬ್ಯಾಟರಿಯ ತಲೆಯನ್ನು ಮಾತ್ರ ಒಣಬಟ್ಟೆಯಲ್ಲಿ ಒರೆಸಿ ವ್ಯಾಸಲೀನ್ ಸವರುತ್ತಿದ್ದರು. ಆಟ ಮುಗಿಸಿ ಬಂದವರು ನೀರು ಕುಡಿಯುವ ಮೊದಲೇ ಅದನ್ನು ಚಾರ್ಜಿಗೆ ಹಾಕುತ್ತಿದ್ದರು. "ಬ್ಯಾಟರೀನ ಹಸಿದ ಹೊಟ್ಟೇಲಿ ಮಲಗಿಸಿದ್ರೆ ದಿನಾ ಒಂಚೂರು ಕುಗ್ಗುತ್ತೆ" ಎಂದು ಅವರು ಹೇಳುವುದನ್ನು ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು.

ಎದೆನೋವೆಂದು ಆಸ್ಪತ್ರೆ ಸೇರಿ ಬಂದ ಮೇಲೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಅರ್ಧ ಆಟ ಸಾಕು, ಏರು ಹತ್ತಬೇಡಿ. ಅವಳು ಕೈಮುಗಿದು ಅದನ್ನೇ ಬೇಡಿಕೊಂಡರೆ ಮೇಷ್ಟ್ರು ನಕ್ಕುಬಿಟ್ಟರು. "ಅರ್ಧ ಆಟ ಅಂದ್ರೆ ಅರ್ಧ ಗಡ್ಡ ಬೋಳಿಸ್ಕೊಂಡ ಹಾಗೆ ಕಣೇ." ಅಂದಿನಿಂದ ಅವಳು ತಂತಿ ಕೀಳತೊಡಗಿದಳು. ಮೊದಮೊದಲು ಎಣಿಸಿದಂತೆಯೇ ನಡೆಯಿತು. ಅರ್ಧ ಆಟ ಮುಗಿಯುವ ಕ್ಲಬ್ಬಿನ ಬಾಗಿಲ ಹತ್ತಿರ ಟ್ರಾಲಿ ಮುಷ್ಕರ ಹೂಡುತ್ತಿತ್ತು, ಮೇಷ್ಟ್ರು ಗೊಣಗುತ್ತಾ ಮನೆಗೆ ಬರುತ್ತಿದ್ದರು.

ಮರುದಿನ ಬೆಳಿಗ್ಗೆ ಅವಳು ಹೊಲಿಗೆಗೆ ಕೂತಿದ್ದಾಗ ಫೋನು ಬಂತು. ಗಂಡನ ಜೊತೆ ಆಡುವ ಹಲ್ಲಿನ ಡಾಕ್ಟರು.

"ಅತ್ತಿಗೆ, ಗಾಡಿ ಕೊಳದ ತಗ್ಗಲ್ಲೇ ನಿಂತ್ಹೋಯ್ತು. ಇವ್ನು ಕೈಯಲ್ಲೇ ತಳ್ತಿದ್ದಾನೆ. ಮುಖ ಬಿಳಿಚ್ಕೊಂಡಿದೆ, ನನ್ನನ್ನ ಹತ್ರಕ್ಕೇ ಬಿಡ್ತಾ ಇಲ್ಲ!"

ಕೊಳದ ತಗ್ಗು ಅವಳಿಗೆ ಗೊತ್ತು. ಅಲ್ಲಿಂದ ಎತ್ತ ಹೋಗಬೇಕೆಂದರೂ ಏರೇ. ಬ್ಯಾಟರಿ ಕ್ಲಬ್ಬಿನವರೆಗೂ ಬಂದಿರಲಿಲ್ಲ. ತಾನು ಉಪವಾಸ ಕೆಡವಿದಷ್ಟೂ ಅದು ಕುಗ್ಗುತ್ತಾ ಹೋಗಿ, ಹೋಗಿ ಹೋಗಿ ಅಲ್ಲಿ ನಿಂತಿದೆ. ಮೈದಾನ ಮನೆಯ ಹಿಂದಿನ ರಸ್ತೆಯಾಚೆಗೇ ಇತ್ತು. ಅವಳು ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದಂತೆಯೇ ಓಡಿದಳು.

ಮೇಷ್ಟ್ರು ಏರಿನ ನಡುವೆ ಇದ್ದರು. ಎರಡೂ ಕೈ ಹಿಡಿಕೆಯ ಮೇಲೆ, ತಲೆ ಕೆಳಗೆ ಬಾಗಿತ್ತು. ಹಲ್ಲಿನ ಡಾಕ್ಟರು ಕೈ ಹಾಕಲು ಬಂದರೆ ಮೊಣಕೈಯಲ್ಲಿ ತಳ್ಳುತ್ತಿದ್ದರು.

"ರೀ! ಬಿಡ್ರೀ ಅದನ್ನ!"

ಆ ಕೂಗಿಗೋ ಏನೋ, ಕೈ ಸಡಿಲವಾಯಿತು. ಟ್ರಾಲಿ ಹಿಂದಕ್ಕೆ ಉರುಳಿ ಮಗುಚಿಕೊಂಡಿತು. ಮೇಷ್ಟ್ರು ಹುಲ್ಲಿನ ಮೇಲೆ ಕುಸಿದು ಕೂತರು. ಡಾಕ್ಟರು ಅವರ ಜೇಬು ತಡಕಿ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟರು. ಅವಳು ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಎದೆಬಡಿತ ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು. ನಾನೇ ಕೊಂದೆ, ನಾನೇ ಕೊಂದೆ ಎಂಬುದೊಂದೇ ಅವಳ ತಲೆಯಲ್ಲಿ. ಎಷ್ಟೋ ಹೊತ್ತಿನ ಮೇಲೆ ಅವರ ತುಟಿಗೆ ಬಣ್ಣ ಮರಳಿತು.

"ಆಸ್ಪತ್ರೆಗೆ ಹೋಗೋಣ, ಕಾರು ಮೇಲೇ ಇದೆ," ಎಂದರು ಡಾಕ್ಟರು.

ಮೇಷ್ಟ್ರು ಹೂಂ ಎಂಬಂತೆ ತಲೆಯಾಡಿಸಿದರು. ಕಣ್ಣು ಮಗುಚಿದ ಟ್ರಾಲಿಯ ಮೇಲಿತ್ತು.

"ಮಾರ್ಬಿಡೋಣ ಕಣೇ. ಅಷ್ಟು ಜೋಪಾನ ಮಾಡ್ದೆ. ಒಂದು ಬ್ಯಾಟರಿ ನೋಡ್ಕೊಳ್ಳೋಕೂ ನನ್ ಕೈಲಿ ಆಗ್ಲಿಲ್ಲ ಅಂದ್ಮೇಲೆ ಇನ್ನೇನಿದೆ? ಆಟ ಸಾಕು."

ಅವಳಿಗೆ ಬೇಕಾಗಿದ್ದೂ ಇದೇ. ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಂತೆ. ಆದರೆ ಒಂದು ಕೂಗಿಗೆ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಮನುಷ್ಯ ಹೀಗೆ ಕೈಚೆಲ್ಲಿ ಕೂತದ್ದನ್ನು ನೋಡಿ ಅವಳಿಗೆ ಸುಮ್ಮನಿರಲಾಗಲಿಲ್ಲ.

"ನಿಮ್ಮ ತಪ್ಪಲ್ಲ. ದಿನಾ ಚಾರ್ಜರಿನ ತಂತಿ ಕೀಳ್ತಿದ್ದೋಳು ನಾನು."

ಕಾರನ್ನು ಹತ್ತಿರ ತರುವುದಾಗಿ ಹೇಳಿ ಡಾಕ್ಟರು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಹಸಿರು ಬರ್ತಿತ್ತಲ್ಲ?"

"ಕಿತ್ರೂ ಬರುತ್ತೆ. ನೀವು ಅರ್ಧಕ್ಕೆ ವಾಪಸ್ ಬರ್ಲಿ ಅಂತ ಮಾಡ್ದೆ. ಬದುಕಿರ್ಲಿ ಅಂತ."

"ನನ್ನನ್ನ ಕೇಳ್ಬಹುದಿತ್ತು."

"ಕೇಳಿದ್ದೆ. ನೀವು ನಕ್ರಿ."

ಮೇಷ್ಟ್ರು ಅವಳು ಚಾಚಿದ ಕೈ ಹಿಡಿಯದೆ, ನೆಲಕ್ಕೆ ಕೈಯೂರಿ ಎದ್ದು ನಿಧಾನವಾಗಿ ಕಾರಿನತ್ತ ಏರು ಹತ್ತತೊಡಗಿದರು. ಅವಳು ಟ್ರಾಲಿಯನ್ನು ಎತ್ತಿ ನಿಲ್ಲಿಸಿ ತಳ್ಳಿದಳು. ಅದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ದೂರಕ್ಕೇ ಉಸಿರು ಕಟ್ಟಿ ನಿಂತಳು.

ಮುಂದೆ ಮೇಷ್ಟ್ರೂ ನಿಂತರು. ತಿರುಗಿ ನೋಡಲಿಲ್ಲ. ಚಕ್ರ ಮತ್ತೆ ಕಿರುಗುಟ್ಟಿದ್ದು ಕೇಳಿದ ಮೇಲೆಯೇ ಅವರು ಇನ್ನೊಂದು ಹೆಜ್ಜೆ ಎತ್ತಿಟ್ಟರು.