ಮಾಲೀಕರ ಹೆಸರು: ಬಿಜಲಿ

ಕುದುರೆ ಕಂಡರೆ ಕಾಲು ನೋವು ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ರಾಣೆಬೆನ್ನೂರಿನ ಟಾಂಗಾ ಸ್ಟ್ಯಾಂಡಿನಲ್ಲಿ ಮಾತ್ರ ಮನುಷ್ಯನನ್ನು ಕಂಡು ಕುದುರೆಗೇ ಕಾಲು ನೋವು ಬಂತು. ಊರಿಗೆ ಮೊದಲ ಆರು ಆಟೋ ಬಂದ ವರ್ಷ ಅದು, ಎಂಬತ್ತೆಂಟೋ ಎಂಬತ್ತೊಂಬತ್ತೋ. ಒಂದು ಬೆಳಿಗ್ಗೆ ಟಾಂಗಾ ಹೊಡೆಯುವ ಅಲ್ಲಾಬಕ್ಷನ ಬಿಳಿ ಕುದುರೆ ಬಿಜಲಿ ಸ್ಟೇಷನ್ ರಸ್ತೆಯ ಏರಿನಲ್ಲಿ ನಿಂತುಬಿಟ್ಟಿತು. ಬೈದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಹಿಂದೆ ಕುಳಿತ ನಾಲ್ವರನ್ನು ಇಳಿಸಿ ನೋಡಿದ. ಕುದುರೆ ಕಿವಿ ಕೂಡ ಅಲುಗಿಸಲಿಲ್ಲ. ನಾಲ್ವರೂ ಗೊಣಗುತ್ತ ಮತ್ತೆ ಹತ್ತಿದರು. ಬೇಸತ್ತು ತಾನೇ ಇಳಿದ. ಅವನು ಇಳಿದದ್ದೇ ತಡ, ಬಿಜಲಿ ಹೆಸರಿಗೆ ತಕ್ಕ ಹಾಗೆ ಮಿಂಚಿನಂತೆ ಓಡಿತು. ಬಸ್ ಸ್ಟ್ಯಾಂಡಿನವರೆಗೂ ಅಲ್ಲಾಬಕ್ಷ ತನ್ನ ಟಾಂಗಾದ ಹಿಂದೆ ತಾನೇ ಏದುಸಿರು ಬಿಡುತ್ತ ಹೋದ.

ಅಲ್ಲಾಬಕ್ಷನದು ಊರೇ ತಿನ್ನಿಸಿ ಬೆಳೆಸಿದ ಮೈ. 'ಬ್ಯಾಡ' ಎಂಬ ಮಾತು ಅವನ ಬಾಯಿಂದ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ಸ್ಟ್ಯಾಂಡಿನ ಪಕ್ಕ ಭಜಿ ಕರಿಯುವ ಮಂಗಳವ್ವ ಮೊದಲ ಸುತ್ತಿನ ಮಿರ್ಚಿಯನ್ನು ಅವನ ಕೈಗೆ ಇಡದೆ ವ್ಯಾಪಾರ ಶುರು ಮಾಡುತ್ತಿರಲಿಲ್ಲ. ಸಂತೆಯ ದಿನ ಮೇಡ್ಲೇರಿಯಿಂದ ಬೆಣ್ಣೆ ಮಾರಲು ಬರುವ ನೀಲಗಂಗವ್ವ ಅವನ ಟಾಂಗಾ ಬಿಟ್ಟು ಬೇರೆ ಹತ್ತುತ್ತಿರಲಿಲ್ಲ; ಹತ್ತುವ ಮೊದಲು ಬಟ್ಟೆಯ ಗಂಟು ಬಿಚ್ಚಿ ಶೇಂಗಾ ಹೋಳಿಗೆ ಕೊಡುತ್ತಿದ್ದಳು. ನಮ್ಮ ಕಡೆ ಎತ್ತಿ ಕೊಟ್ಟದ್ದನ್ನು ಮತ್ತೆ ಪಾತ್ರೆಗೆ ಹಾಕುವ ಪದ್ಧತಿಯಿಲ್ಲ. ಕೊಟ್ಟವರ ಕೈ ಹಿಂದಕ್ಕೆ ಹೋಗಬಾರದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಈ ಪುಣ್ಯಾತ್ಮ ಜಗಳ ತಪ್ಪಿಸುವುದಕ್ಕೆಂದೇ ಉಂಡು ಉಂಡು ನೂರಾ ಎರಡು ಕಿಲೋ ಆಗಿದ್ದ.

ಕುದುರೆಗೆ ಏನೋ ಆಗಿದೆ ಎಂದು ಅವನು ದನದ ದವಾಖಾನೆಗೆ ಹೋದ. ಡಾಕ್ಟರ್ ಪರಮೇಶಪ್ಪನವರು ಬಿಜಲಿಯ ಹಲ್ಲು ನೋಡಿದರು, ಗೊರಸು ನೋಡಿದರು, ಕೊನೆಗೆ ಕನ್ನಡಕ ಏರಿಸಿ ಅಲ್ಲಾಬಕ್ಷನನ್ನೇ ನೋಡಿದರು.

"ಕುದುರಿ ಗಟ್ಟಿಮುಟ್ಟ ಐತಿ. ಔಷಧ ನಿನಗ ಬೇಕು," ಎಂದರು.

ಅವರು ನಗುವ ಜಾತಿಯವರಲ್ಲ. ದವಾಖಾನೆಯ ಅಚ್ಚಾದ ಚೀಟಿ ತೆಗೆದು ಗಂಭೀರವಾಗಿಯೇ ತುಂಬಿದರು. ಪ್ರಾಣಿಯ ಹೆಸರು: ಅಲ್ಲಾಬಕ್ಷ. ಮಾಲೀಕರ ಹೆಸರು: ಬಿಜಲಿ. ಪಥ್ಯ: ಹೊತ್ತಿಗೆ ಮೂರು ರೊಟ್ಟಿ, ಪಲ್ಲೆ, ಮಜ್ಜಿಗೆ; ಕರಿದದ್ದು, ಸಿಹಿ ಎರಡೂ ಬಂದ್. ಅವಧಿ: ಅರವತ್ತು ದಿನ.

"ಒಂದಿನ ಉಪಾಸ, ನಾಕ ದಿನ ಹಬ್ಬ ಮಾಡಿದ್ರ ನಡ್ಯೂದಿಲ್ಲ. ದಿನಾ ಒಂದೇ ಸಮ ಇರಬೇಕು. ತಪ್ಪಿದ್ರ ನಿನ್ನ ಮಾಲಕಗ ಗೊತ್ತಾಗತೈತಿ," ಎಂದು ಚೀಟಿಯನ್ನು ಅವನಿಗೆ ಕೊಡದೆ ಬಿಜಲಿಯ ಲಗಾಮಿಗೆ ಸಿಕ್ಕಿಸಿದರು.

ಮನೆಯಲ್ಲಿ ಹೆಂಡತಿ ಕುಲ್ಸುಮಬಿ ಚೀಟಿ ಓದಿಸಿಕೊಂಡು ಕೇಳಿದಳು. ಮೂರು ರೊಟ್ಟಿ ಬಡಿಸುವುದು ಅಪಶಕುನ. ಬಡಿಸಿದರೆ ಎರಡು, ಇಲ್ಲವೆ ನಾಲ್ಕು. ಅಲ್ಲಾಬಕ್ಷ ನಾಲ್ಕರ ಆಸೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅವಳು ಎರಡು ಬಡಿಸಿದಳು.

ಅದೇ ವಾರ ಅವಳ ಅಣ್ಣ ರಹಿಮಾನಸಾಬ ಹಾವೇರಿಯಿಂದ ಬಂದ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವುದು ಅವನ ಕಸುಬು, ಬಿಳಿ ಬಿಜಲಿಯ ಮೇಲೆ ಅವನಿಗೆ ಎಂದಿನಿಂದಲೂ ಕಣ್ಣು. ಗಾಡಿ ಎಳೆಯದ ಕುದುರೆ ಇಟ್ಟುಕೊಂಡು ಏನು ಮಾಡುತ್ತೀ, ಅರವತ್ತು ದಿನ ನೋಡುತ್ತೇನೆ, ಆಗಲೂ ಏರು ಹತ್ತದಿದ್ದರೆ ಹಾವೇರಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದ. ಆಗಲೂ ಅಲ್ಲಾಬಕ್ಷನಿಗೆ ಬೇಡ ಎನ್ನಲು ಬರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಬಿಜಲಿ ಹದಿನಾಲ್ಕು ವರ್ಷದಿಂದ ಇತ್ತು. ಅದಿಲ್ಲದ ಹಿತ್ತಿಲನ್ನು ನೆನೆಸಿಕೊಂಡರೆ ಅವನಿಗೆ ಎರಡು ರೊಟ್ಟಿಯೂ ಇಳಿಯುತ್ತಿರಲಿಲ್ಲ.

ಮೊದಲ ವಾರದಲ್ಲೇ ಮಾಲೀಕರ ಕೈಗೆ ಸಿಕ್ಕಿಬಿದ್ದ. ಸಂಜೆ ಮಂಗಳವ್ವನ ಅಂಗಡಿಯ ಹಿಂದೆ ಕದ್ದು ನಾಲ್ಕು ಮಿರ್ಚಿ ತಿಂದಿದ್ದ. ಮರುದಿನ ಬಿಜಲಿ ಅವನ ಮೀಸೆ ಮೂಸಿ ನೋಡಿ, ಸ್ಟ್ಯಾಂಡಿನ ನಡುವೆ ಕಲ್ಲಾಗಿ ನಿಂತಿತು. ಅಂದಿನಿಂದ ಅವನು ಏನು ತಿಂದ ಎಂಬುದು ಊರಿಗೇ ತಿಳಿಯತೊಡಗಿತು. ಆಟೋದವರು ಬೆಳಿಗ್ಗೆ ಚಾ ಹಿಡಿದು ನೋಡುತ್ತ ನಿಲ್ಲುತ್ತಿದ್ದರು. ಕುದುರೆ ನಡೆದರೆ ಪಥ್ಯ, ನಿಂತರೆ ಭಜಿ.

ಎರಡನೇ ವಾರದಿಂದ ಅಲ್ಲಾಬಕ್ಷ ಹಲ್ಲು ಕಚ್ಚಿ ನೆಟ್ಟಗಾದ. ಆದರೆ ಕೊಡುವವರು ಬಿಡಬೇಕಲ್ಲ. ಒಂದು ದಿನ ಕೈ ಚಾಚಲು ತಡಮಾಡಿದ್ದಕ್ಕೆ ಮಂಗಳವ್ವ ಎಣ್ಣೆಯ ಬಾಣಲೆಯನ್ನೇ ಒಲೆಯಿಂದ ಇಳಿಸಿ ಮುಖ ತಿರುಗಿಸಿದಳು. ನೀಲಗಂಗವ್ವನ ಕಣ್ಣಲ್ಲಿ ನೀರು ಬಂತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಕೊಟ್ಟದ್ದನ್ನೆಲ್ಲ ಎರಡೂ ಕೈಯಲ್ಲಿ ಇಸಿದುಕೊಂಡು, ಆಮೇಲೆ ತಿನ್ನುತ್ತೇನೆ ಎಂದು ಹೇಳಿ, ಬಿಜಲಿಯ ಕೊರಳಿಗೆ ಕಟ್ಟುವ ಹುರುಳಿ ಚೀಲದೊಳಗೆ ಬಿಡುವುದು. ಯಾರ ಕೈಯೂ ಹಿಂದಕ್ಕೆ ಹೋಗಲಿಲ್ಲ, ಯಾರ ಮನಸ್ಸೂ ಮುರಿಯಲಿಲ್ಲ. ಮೊದಲ ಮಿರ್ಚಿಗೆ ಬಿಜಲಿ ಮೂರು ಸಲ ಸೀನಿತು. ನಾಲ್ಕನೆಯ ದಿನ ತಾನೇ ಅಂಗಡಿಯ ಕಡೆ ಮುಖ ಮಾಡಿ ನಿಂತಿತು. ಹೋಳಿಗೆಯ ವಿಷಯದಲ್ಲಂತೂ ಅದು ಒಮ್ಮೆಯೂ ಸೀನಲಿಲ್ಲ.

ಮೂವತ್ತನೆಯ ದಿನ ಅವನು ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವ ಗೆಳೆಯ ಶಮಶೇರಸಾಬನ ಕಾಟಾದ ಮೇಲೆ ನಿಂತ. ತೊಂಬತ್ತೆರಡು. ಶಮಶೇರಸಾಬ ರೂಢಿಯಂತೆ ಚೀಲಕ್ಕೆಂದು ಒಂದು ಕಿಲೋ ಕಳೆದು ತೊಂಬತ್ತೊಂದು ಎಂದು ಕೂಗಿದ. ಅಲ್ಲಾಬಕ್ಷ ಸಂತೋಷಕ್ಕೆ ಸುತ್ತಲಿನ ಹಮಾಲರಿಗೆಲ್ಲ ಚಾ ಕುಡಿಸಿ, ತಾನು ನೀರು ಕುಡಿದು ಬಂದ.

ಪೈಜಾಮದ ಲಾಡಿಯನ್ನು ವಾರ ವಾರ ಇನ್ನಷ್ಟು ಎಳೆದು ಕಟ್ಟಬೇಕಾಗುತ್ತಿತ್ತು. ಅದೇ ವಾರಗಳಲ್ಲಿ ಬಿಜಲಿಯ ಹೊಟ್ಟೆಪಟ್ಟಿಯನ್ನು ಒಂದೊಂದು ತೂತು ಸಡಿಲ ಮಾಡುತ್ತಲೂ ಇದ್ದ. ಚಳಿಗೆ ಪಟ್ಟಿಯ ಚರ್ಮ ಕುಗ್ಗಿದೆ ಎಂದುಕೊಂಡ. ನಂಬಿದವನಿಗೆ ಎಲ್ಲಕ್ಕೂ ಕಾರಣ ಸಿಗುತ್ತದೆ.

ನಲವತ್ತೈದನೆಯ ದಿನ ಬಿಜಲಿ ಅದೇ ಏರಿನಲ್ಲಿ ನಿಂತಿತು. ಮೀಸೆ ಮೂಸಿತು, ಏನೂ ಸಿಗದೆ ಮುಖ ಹಿಂದೆ ತೆಗೆಯಿತು, ಆದರೂ ಹೆಜ್ಜೆ ಇಡಲಿಲ್ಲ. ಅವನು ಇಳಿದು ನೋಡಿದ; ಈ ಸಲ ಇಳಿದರೂ ನಡೆಯಲಿಲ್ಲ. ಆಟೋದವರು ಭಜಿ, ಭಜಿ ಎಂದು ಕೂಗಿದರು. ಸುದ್ದಿ ಅವನಿಗಿಂತ ಮೊದಲೇ ಮನೆಯಲ್ಲಿ ಕುಲ್ಸುಮಬಿಗೆ ಮುಟ್ಟಿತ್ತು. ಅವರ ಮನೆಮಾತು ಉರ್ದು. ಸಿಟ್ಟು ಬಂದಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಿದ್ದಳು.

"ಏನ ತಿಂದೀರಿ, ಖರೇ ಹೇಳ್ರಿ."

"ಏನೂ ತಿಂದಿಲ್ಲ ಕುಲ್ಸುಮ. ಅಲ್ಲಾನ ಆಣಿ."

"ಮತ್ತ ಕುದುರಿ ಸುಳ್ಳ ಹೇಳತೈತೇನು?"

ಬಿಜಲಿ ಸುಳ್ಳು ಹೇಳುವ ಕುದುರೆಯಲ್ಲ ಎಂಬುದು ಅವನಿಗೂ ಗೊತ್ತು. ನಿದ್ದೆಗಣ್ಣಿನಲ್ಲಿ ಎದ್ದು ಏನಾದರೂ ತಿಂದೆನೇ ಎಂದು ತನ್ನ ಮೇಲೆಯೇ ಅನುಮಾನ ಬಂದು, ರೊಟ್ಟಿಯ ಬುಟ್ಟಿಗೆ ಬೀಗ ಹಾಕಿಸಿದ. ತಿಂಗಳ ಮೇಲೆ ನಾಲಿಗೆ ಕಟ್ಟಿದವನನ್ನು ಹೆಂಡತಿಯೂ ನಂಬಲಿಲ್ಲ, ಕುದುರೆಯೂ ನಂಬಲಿಲ್ಲ. ಹಿತ್ತಿಲಲ್ಲಿ ಬಿಜಲಿಯ ಕೊರಳಿಗೆ ಹಣೆ ಹಚ್ಚಿ ಅವನು ಮಗುವಿನಂತೆ ಅತ್ತ. ಬಿಜಲಿ ಅವನ ಜೇಬು ಮೂಸಿತು. ಅದರಲ್ಲಿದ್ದ, ಯಾರೋ ಕೊಟ್ಟ ಬೂಂದಿ ಲಾಡು ಅದಕ್ಕೇ ಸೇರಬೇಕಾದದ್ದು, ಕೊಟ್ಟ.

ಅರವತ್ತನೆಯ ದಿನ ರಹಿಮಾನಸಾಬ ಜರಿಯ ಜೀನು ಹೊತ್ತುಕೊಂಡು ಬಂದ. ಕೊನೆಯ ಆಸೆಗೆಂದು ಅಲ್ಲಾಬಕ್ಷ ಡಾಕ್ಟರರನ್ನೂ ಕರೆಸಿದ್ದ. ರಹಿಮಾನಸಾಬ ಜೀನು ಹಾಕಿದ, ಪಟ್ಟಿ ಎಳೆದ. ಪಟ್ಟಿಯ ಎರಡು ತುದಿಗಳ ನಡುವೆ ಒಂದು ಗೇಣು ಉಳಿಯಿತು. ಮೊಣಕಾಲು ಊರಿ ಎಳೆದ, ಆದರೂ ಒಂದು ಗೇಣು. ಡಾಕ್ಟರರು ಹುರುಳಿ ಚೀಲದೊಳಗೆ ಕೈ ಹಾಕಿ, ಒಂದು ಅರ್ಧ ಹೋಳಿಗೆ, ಎರಡು ಮಿರ್ಚಿಯ ತೊಟ್ಟು ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.

"ಇದರ ಮ್ಯಾಲ ಮದುಮಗನ್ನ ಕೂಡಿಸಿದ್ರ, ನಿಕಾ ಯಾರದು ಅಂತ ಮಂದಿ ಕೇಳತಾರ," ಎಂದ ರಹಿಮಾನಸಾಬ. ಇನ್ನೊಂದು ಅರವತ್ತು ದಿನಕ್ಕೆ ಬರುತ್ತೇನೆ, ಅಷ್ಟರಲ್ಲಿ ಬಿಜಲಿ ಏರು ಹತ್ತದಿದ್ದರೆ ಯಾರ ಮಾತೂ ಕೇಳುವುದಿಲ್ಲ ಎಂದು ಜೀನು ಹೊತ್ತು ಬಸ್ಸಿಗೆ ಹೋದ.

ಡಾಕ್ಟರರು ಹೊಸ ಚೀಟಿ ಬರೆದರು. ಪ್ರಾಣಿಯ ಹೆಸರು: ಬಿಜಲಿ. ಮಾಲೀಕರ ಹೆಸರು: ಅಲ್ಲಾಬಕ್ಷ. ಚೀಟಿಯನ್ನು ಈ ಸಲ ಅವನ ಕೈಗೇ ಕೊಟ್ಟರು. ಕುಲ್ಸುಮಬಿ ಒಳಗೆ ಹೋಗಿ ರೊಟ್ಟಿ ಬುಟ್ಟಿಯ ಬೀಗ ತೆಗೆದಳು. ನಿಮ್ಮನ್ನು ನಂಬಬೇಕಿತ್ತು ಎಂದು ಉರ್ದುವಿನಲ್ಲಿ ಹೇಳಿದಳು.

ಮರುದಿನ ಸಂತೆ. ನೀಲಗಂಗವ್ವ ಬಸ್ಸಿಳಿದು ಬಂದು ಗಂಟು ಬಿಚ್ಚಿದಳು.

"ತಗೋ ಯಪ್ಪಾ, ನಿನ್ನ ಸಲುವಾಗಿ ತಂದೇನಿ."

ಅಲ್ಲಾಬಕ್ಷನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಹುರುಳಿ ಚೀಲದ ಕಡೆ ನೋಡಿದ. ಬಿಜಲಿ ಅವನನ್ನೇ ನೋಡುತ್ತಿತ್ತು. ಇನ್ನು ಇದನ್ನು ಇಡಲು ಅವನಿಗೆ ಲೋಕದಲ್ಲಿ ಜಾಗವಿರಲಿಲ್ಲ. ಚಾಚಿದ ಕೈಯನ್ನು ಹಿಂದೆ ತೆಗೆದ.

"ಬ್ಯಾಡವ್ವ," ಎಂದ. "ನನಗೂ ಬ್ಯಾಡ, ಇದಕ್ಕೂ ಬ್ಯಾಡ."

ಮಂಗಳವ್ವ ಭಜಿ ತೆಗೆಯುವ ಜಾಲರಿ ಎತ್ತಿದ ಕೈ ಹಾಗೆಯೇ ಹಿಡಿದಳು. ನೀಲಗಂಗವ್ವ ಹೋಳಿಗೆ ಹಿಡಿದು ನಿಂತೇ ಇದ್ದಳು. ಎತ್ತಿದ್ದನ್ನು ಗಂಟಿಗೆ ಮರಳಿ ಇಡುವ ಹಾಗಿಲ್ಲ, ಕೊಡಲು ಎದುರಿಗೆ ಕೈಯಿಲ್ಲ. ಕೊನೆಗೆ ಯಾರದೋ ಮನೆಯ ತಿಂಡಿ ಎಂಬಂತೆ ಸಂಕೋಚದಿಂದ ಒಂದು ಚೂರು ಮುರಿದು ತನ್ನ ಬಾಯಿಗೇ ಹಾಕಿಕೊಂಡಳು. ಅಗಿದಳು. ಇನ್ನೊಂದು ಚೂರು ಹಾಕಿಕೊಂಡಳು.

"ಬೆಲ್ಲ ಜಾಸ್ತಿ ಆಗೇತಿ," ಎಂದಳು. "ನಲವತ್ತ ವರ್ಷದಿಂದ ಮಾಡಿ ಮಾಡಿ ಕೊಡಾಕತ್ತೇನಿ. ಒಬ್ಬರರ ಹೇಳಬಾರದೇನೋ?"

ಅಲ್ಲಾಬಕ್ಷ ಅವಳ ಬೆಣ್ಣೆಯ ಬುಟ್ಟಿ ಎತ್ತಿ ಟಾಂಗಾದಲ್ಲಿಟ್ಟ. ಅವಳು ಹತ್ತಿ ಕುಳಿತು ಉಳಿದ ಹೋಳಿಗೆಯನ್ನು ನಿಧಾನವಾಗಿ ತಿನ್ನತೊಡಗಿದಳು. ಅವನು ತಾನು ಹತ್ತದೆ, ಲಗಾಮು ಹಿಡಿದು ಮುಂದೆ ನಡೆದ. ಬಿಜಲಿ ಒಮ್ಮೆ ಅವನ ಮೀಸೆ ಮೂಸಿ, ಏರಿನ ಕಡೆ ಒಂದು ಹೆಜ್ಜೆ ಇಟ್ಟಿತು.